ತಟ್ಟೆ, ಹಾಸಿಗೆಯಲ್ಲ

ಏಪ್ರಿಲ್ 7, 1979, ಶನಿವಾರ, ಸಂಜೆ

ಕಾಲು ಹಿಡ್ಕೊಂಡಿದೆ. ಈಸ್ಟರ್‌ಗೆ ಇನ್ನೂ ಒಂದು ವಾರ. ಆಗಲೇ ದಕ್ಷಿಣ ಮೆಂಫಿಸ್‌ನ ಹೆಂಗಸರೆಲ್ಲ ತಲೆ ತಂದು ನನ್ನ ಕುರ್ಚಿಗೆ ಒರಗಿಸ್ತಿದ್ದಾರೆ. ಬೆಳಗ್ಗೆಯಿಂದ ಕೂದಲು ನೆಟ್ಟಗೆ ಮಾಡೋ ಬಿಸಿ ಬಾಚಣಿಗೆ ಕೆಳಗಿಟ್ಟಿಲ್ಲ. ಊಟ ಅಂದ್ರೆ ಒಂದು ಬಿಸ್ಕತ್ತು, ಅದೂ ಕೂದಲೆಣ್ಣೆ ವಾಸನೆ.

ಅಂಗಡಿ ರೇಡಿಯೋದಲ್ಲಿ ಮತ್ತೆ ಅದೇ. ನ್ಯೂಯಾರ್ಕಿನವರು ನಮ್ಮ ಹಾಡಿಗೆ ಡಿಸ್ಕೋ ಬಟ್ಟೆ ತೊಡಿಸಿದ್ದು. ಡಬ್ ಡಬ್ ಡಬ್... ಮಹಡಿ ಮೇಲೆ ಯಾರೋ ಮೊಳೆ ಹೊಡೆದ ಹಾಗೆ. ಅದಾದ್ರೂ ಇರಲಿ. ಮಾತನ್ನೇ ಬದಲಾಯಿಸಿಬಿಟ್ಟಿದ್ದಾರೆ. ನಾನು ಹಾಡಿದ್ದು 'ತಟ್ಟೆ ಇನ್ನೂ ಬಿಸಿ ಇದೆ'. ಈ ನ್ಯೂಯಾರ್ಕಿನವಳು ಹಾಡೋದು 'ಹಾಸಿಗೆ ಇನ್ನೂ ಬಿಸಿ ಇದೆ'.

ಮಿಸ್ ಓಲೀಟಾ ತಲೆ ತೊಳೆಸ್ಕೊಂಡು ಕೂತಿದ್ಲು. ಎಂದಿನ ಗಿರಾಕಿ, ಎಂದಿನ ಬಾಯಿ.

"ನಿಜ ಹೇಳೇ ಅರ್ಲೀನ್. ಅವತ್ತು ಹೋಸಿಯನಿಗೆ ಬಿಸಿಯಾಗಿ ಇಟ್ಟಿದ್ದು ಏನನ್ನ?"

"ಬೀನ್ಸು, ಸೊಪ್ಪು. ಕತ್ತು ಬಗ್ಗಿಸು."

"ಸೊಪ್ಪಿಗೆಲ್ಲ ಯಾವ ಗಂಡಸು ಹಾಡು ಕಟ್ತಾನೆ?"

"ನನ್ನ ಕೈ ಸೊಪ್ಪು ನೀನು ತಿಂದಿಲ್ಲ, ಅದಕ್ಕೆ ಹೀಗಂತೀಯ."

ಅಂಗಡಿಯೆಲ್ಲ ನಕ್ಕಿತು. ಆದ್ರೆ ನಿಜಕ್ಕೂ ಸೊಪ್ಪೇ. ಆಗ ನನ್ನ ಗಂಡ ಹೋಸಿಯ ಟೈರ್ ಫ್ಯಾಕ್ಟರಿಯಲ್ಲಿ ಎರಡನೇ ಪಾಳಿ. ತಡವಾಗಿ ಬಂದ. ನಾನು ಕಣ್ಣು ಬಿಡದೇ ಹೇಳಿದೆ — ತಟ್ಟೆ ಇನ್ನೂ ಬಿಸಿ ಇದೆ, ಮುಚ್ಚಿಟ್ಟಿದ್ದೀನಿ, ಮೆಲ್ಲ ಬಾ, ಮಗು ಎದ್ದೀತು. ಅಷ್ಟೇ. ಊಟ ಬಿಟ್ಟು ಗಿಟಾರ್ ತೆಗೆದ. ಮಗು ಎದ್ದೇ ಎದ್ದಿತು. ಸೊಪ್ಪು ಆರಿತು. ಆ ಮಾತೇ ಹಾಡಾಯ್ತು, ರೆಕಾರ್ಡಾಯ್ತು; ಆ ಬೇಸಿಗೆ ನನ್ನ ದನಿ ಎಲ್ಲರ ಕಿಟಕಿಯಲ್ಲೂ ಇತ್ತು.


ಏಪ್ರಿಲ್ 9, ಸೋಮವಾರ

ಅಂಗಡಿಗೆ ರಜ. ಮನೆಯಲ್ಲಿ ಯುದ್ಧ.

ಹೋಸಿಯ ರೇಡಿಯೋದವರಿಗೆ ಫೋನ್ ಮಾಡ್ತಾನೆ. ಆ ಡಿಸ್ಕೋ ಹಾಕಿದಾಗಲೆಲ್ಲ. ಅಲ್ಲಿ ಹಾಡು ಹಾಕೋನ ಹೆಸರು ಲಟೀಮರ್. ಪಾಪದವನು.

"ತಟ್ಟೆ ಕಣಯ್ಯ, ಹಾಸಿಗೆ ಅಲ್ಲ. ನಾನು ಬರೆದಿದ್ದು ಹಸಿವಿನ ಹಾಡು."

ಲಟೀಮರ್ ಏನಂದನೋ. ಇವನು, "ಜನ ಕುಣೀಲಿ. ತಟ್ಟೆ ಹಿಡ್ಕೊಂಡು ಕುಣೀಲಿ" ಅಂದು ಇಟ್ಟ.

ರೆನೆಟ್ ರೂಮಿಂದ, "ಅಪ್ಪ, ನನಗೆ ಇದೇ ಇಷ್ಟ. ಅಮ್ಮಂದು ತುಂಬ ನಿಧಾನ." ಹದಿನೈದರ ಹುಡುಗಿ. ಹಾಡು ಹುಟ್ಟಿದ ಹೊತ್ತಿನಲ್ಲಿ ಎದ್ದು ಅತ್ತಿದ್ದ ಮಗು ಇದೇ.

ನಮ್ಮ ಹಾಡನ್ನ ಬೇರೆಯವರು ಹಾಡಿದ ಯಾವ ಕವರನ್ನೂ ಇವನು ಒಪ್ಪಿದವನಲ್ಲ. ಮೊದಲು ಇಂಗ್ಲೆಂಡಿನ ಹುಡುಗರು ಮಾಡಿದ್ರು, ಉದ್ದ ಕೂದಲು, ಸಣಕಲು ಕಾಲು. ನಮಗಿಂತ ಹೆಚ್ಚು ಹೆಸರು ಬಂತು ಅವರಿಗೆ. "ಉಪ್ಪಿಲ್ಲ" ಅಂದ. ಆಮೇಲೆ ಕಿಂಗ್‌ಸ್ಟನ್ನಿನ ಒಬ್ಬ, ಅವರ ದ್ವೀಪದ ರೆಗೆ ತಾಳದಲ್ಲಿ, ಆಕಳಿಸಿದ ಹಾಗೆ ಹಾಡಿದ. "ಇವನಿಗೆ ಹಸಿವಿಲ್ಲ, ನಿದ್ದೆ ಬಂದಿದೆ" ಅಂದ. ಆದ್ರೆ ಆ ರೆಕಾರ್ಡು ಸವೆಯೋವರೆಗೆ ಹಾಕಿದ್ದು ಯಾರು? ನಾನಂತೂ ಅಲ್ಲ.


ಏಪ್ರಿಲ್ 12, ಗುರುವಾರ

ಅಂಗಡಿ ತುಂಬಿದೆ. ನಾಳೆ ಚರ್ಚಿನಲ್ಲಿ ಮೀನು ಹುರಿಯೋದಿದೆ. ಬೆಳಗ್ಗೆ ಹೋಸಿಯ ಷರ್ಟಿನ ಗುಂಡಿ ಹಾಕೋಕೆ ಒದ್ದಾಡ್ತಿದ್ದ. ಕೈ ಜೋಮು ಹಿಡಿದಿದೆ ಅಂದ. ಮಲಗಿದ ಭಂಗಿ ಸರಿಯಿಲ್ಲ ಅಂದೆ.


ಮೇ 1, ಮಂಗಳವಾರ

ಈ ಪುಸ್ತಕ ಹಾಗೇ ಬಿದ್ದಿತ್ತು.

ಶುಭ ಶುಕ್ರವಾರ. ಚರ್ಚಿನ ಹಿಂದೆ, ಎಣ್ಣೆ ಬಾಣಲೆ ಪಕ್ಕ. ಹೋಸಿಯ ಏನೋ ಜೋಕು ಹೇಳ್ತಿದ್ದ. ಅರ್ಧಕ್ಕೆ ಬಾಯಿ ಒಂದು ಕಡೆ ಜಾರಿತು. ಎಲ್ಲರೂ ಅದೂ ಜೋಕಿನ ಭಾಗ ಅಂದ್ಕೊಂಡು ನಕ್ಕರು. ನಾನೂ ನಕ್ಕೆ.

ಲಕ್ವ. ಬಲಗೈ ಬಲಗಾಲು. ಕಾಲು ಸ್ವಲ್ಪ ಬಂದಿದೆ. ಕೈ ಇಲ್ಲ. ಮಾತು ಇಲ್ಲ.

ಇಲ್ಲ ಅಂದ್ರೆ ಒಂದೇ ಒಂದು ಇದೆ. 'ಮಂಗಳವಾರ.' ನೀರಿಗೂ ಮಂಗಳವಾರ, ನೋವಿಗೂ ಮಂಗಳವಾರ. ನರ್ಸಿಗೆ, ಪಾದ್ರಿಗೆ, ನನಗೆ. ಹೀಗೆ ಆಗೋದುಂಟು, ಒಂದು ಪದ ಸಿಕ್ಕಿಹಾಕ್ಕೊಂಡು ಉಳಿಯುತ್ತೆ ಅಂದ್ರು ಡಾಕ್ಟರು.

ಇವತ್ತು ಅವನ ಕೈ ಹಿಡಿದು, ನಾನು ಯಾರು ಹೇಳು ಅಂದೆ. ನೋಡಿದ. ತುಂಬ ಹೊತ್ತು ನೋಡಿದ. "ಮಂಗಳವಾರ."

ಇವತ್ತು ನಿಜಕ್ಕೂ ಮಂಗಳವಾರವೇ. ಹೊರಗೆ ಬಂದು ಅತ್ತೆ.


ಮೇ 16, ಬುಧವಾರ

ಮನೆಗೆ ಬಂದ. ಮುಂದಿನ ಕೋಣೆಯಲ್ಲಿ ಮಂಚ. ರೆನೆಟ್‌ಗೆ ಆಗಲೇ ಮಂಗಳವಾರಗಳ ವ್ಯತ್ಯಾಸ ಗೊತ್ತಾಗಿದೆ. "ಅಮ್ಮ, ಇದು ಕಾಫಿ ಮಂಗಳವಾರ. ಆಗಿನದು ಕಿಟಕಿ ಮುಚ್ಚು ಮಂಗಳವಾರ." ಹುಡುಗಿ ನನಗಿಂತ ಗಟ್ಟಿ.

ಮಾತು ಕಲಿಸೋಕೆ ಮಿಸ್ ಆಂಬ್ಲರ್ ಅಂತ ಒಬ್ಳು ಬರ್ತಾಳೆ. ಚಿಕ್ಕ ಪ್ರಾಯ. ಒಂದು ಹೇಳಿದ್ಲು — ಮಾತು ತಲೆಯ ಒಂದು ಕಡೆ, ಹಾಡು ಹೆಚ್ಚಾಗಿ ಇನ್ನೊಂದು ಕಡೆ. ಮಾತು ಹೋದವರು ಕೆಲವರು ಹಾಡ್ತಾರೆ. ಹಾಡು ಹಿಡ್ಕೊಂಡು ಮಾತಿಗೆ ವಾಪಸ್ ಬಂದವರೂ ಇದ್ದಾರೆ.

"ಅವರಿಗೆ ತುಂಬ ಹತ್ತಿರದ ಹಾಡು ಯಾವುದಾದ್ರೂ ಇದ್ಯಾ?"

ರೆನೆಟ್ ನನ್ನ ಮುಖ ನೋಡಿದ್ಲು.


ಮೇ 20, ಭಾನುವಾರ

ನಮ್ಮ ರೆಕಾರ್ಡು ಹಾಕಿದೆ. ಅಸಲಿ. ಮೊದಲು ಅವನ ಗಿಟಾರ್, ಒಂಟಿಯಾಗಿ, ಆಮೇಲೆ ನಾನು.

ಗಿಟಾರ್ ಮುಗಿಯೋಕೆ ಮೊದಲೇ ಮುಖ ಗೋಡೆಗೆ ತಿರುಗಿಸಿದ. ತೊಡೆ ಮೇಲೆ ಬಲಗೈ ಸುಮ್ಮನೆ ಬಿದ್ದಿತ್ತು. ಯಾರೋ ಮರೆತು ಹೋದ ಕೈಗವಸಿನ ಹಾಗೆ. ನಿಲ್ಲಿಸಿದೆ.

ಪಕ್ಕದಲ್ಲಿ ಕೂತು ನಾನೇ ಮೆಲ್ಲಗೆ ಹಾಡಿದೆ. ಎಡಗೈ ಎತ್ತಿ ನನ್ನ ಬಾಯಿ ಮೇಲಿಟ್ಟ. ಒರಟಾಗಿ ಅಲ್ಲ. ಸಾಕು ಅನ್ನೋ ಹಾಗೆ.

ಇಂಗ್ಲೆಂಡಿನವರ ರೆಕಾರ್ಡು ಹಾಕಿದ್ರೆ ನಿದ್ದೆ ಹೋದ. ಕಿಂಗ್‌ಸ್ಟನ್ನಿನವನಿಗೆ ಎಡಗಾಲು ಅಲುಗಿತು. ಬಾಯಿ ಅಲುಗಲಿಲ್ಲ. ಡಿಸ್ಕೋ ನಮ್ಮ ಮನೆಯಲ್ಲಿಲ್ಲ. ಇದ್ರೂ ಹಾಕ್ತಿರಲಿಲ್ಲ. ಕಾಯಿಲೆ ಮನುಷ್ಯನಿಗೆ ಸಿಟ್ಟು ತರಿಸೋದು ಪಾಪ.

ಮಿಸ್ ಆಂಬ್ಲರ್ ತಾಳ್ಮೆ ಅಂದ್ಲು. ತಾಳ್ಮೆ ಅಂದ್ರೆ ಎಷ್ಟು ದಿನ ಅಂತ ಕೇಳಲಿಲ್ಲ. ಹೇಳಿಬಿಟ್ರೆ ಅನ್ನೋ ಭಯ.


ಜೂನ್ 14, ಗುರುವಾರ, ಐದು ಗಂಟೆ

 ಇರೋದನ್ನ ಇದ್ದ ಹಾಗೆ ಬರೀತೀನಿ.

ಅಂಗಡಿಗೆ ಫೋನ್. ರೆನೆಟ್. ಅಳ್ತಿದ್ದಾಳೋ ನಗ್ತಿದ್ದಾಳೋ ಗೊತ್ತಾಗಲಿಲ್ಲ. "ಅಮ್ಮ ಬಾ. ಅಪ್ಪ... ಬಾ ಅಷ್ಟೇ."

 ಮಿಸ್ ಓಲೀಟಾಳ ತಲೆ ಅರ್ಧ ಬಾಚಿದ್ದೆ, ಅರ್ಧ ಹಾಗೇ ಕೆದರಿತ್ತು. ಬಾಚಣಿಗೆ ಬಿಟ್ಟು ಓಡಿದೆ. ಅವಳೂ ಹಿಂದೆ, ಕತ್ತಿಗೆ ಬಟ್ಟೆ ಕಟ್ಕೊಂಡೇ. "ನಿನಗೆ ಕಾರು ಎಲ್ಲಿದೆ, ಹತ್ತು" ಅಂತ ಅವಳೇ ಕರ್ಕೊಂಡು ಬಂದ್ಲು.

ಹೋಸಿಯ ಮಂಚದ ಮೇಲೆ ಎದ್ದು ಕೂತಿದ್ದ. ಮುಖ ಕೆಂಡ.

ಆಗಿದ್ದು ಇದು. ರೆನೆಟ್ ಅಡುಗೆಮನೆಯಲ್ಲಿ ಪಾತ್ರೆ ತೊಳೀತಾ ರೇಡಿಯೋ ಹಾಕಿದ್ಲು. ಡಿಸ್ಕೋ ಬಂತು. ಆ ಹೆಂಗಸು 'ಹಾಸಿಗೆ' ಅಂದ್ಲು. ಮುಂದಿನ ಕೋಣೆಯಿಂದ ಯಾರೋ ಹಾಡಿದ್ರಂತೆ — "ತಟ್ಟೆ." ಶ್ರುತಿಗೆ ಸರಿಯಾಗಿ. ಅವಳು ಮತ್ತೆ ಹಾಸಿಗೆ. ಇವನು ಮತ್ತೆ, ಇನ್ನೂ ಜೋರಾಗಿ, ತಟ್ಟೆ. ಕೊನೆಗೆ ಪೂರ್ತಿ ಸಾಲು.

"ಹಾಡು ಅಪ್ಪ, ಅಮ್ಮನಿಗೆ ಕೇಳಿಸು" ಅಂದ್ಲು ರೆನೆಟ್, ನನ್ನೆದುರು. ಬಾಯಿ ತೆರೆದ. "ಮಂಗಳ..." ಮುಷ್ಟಿ ಬಿಗಿದ. ಆಗಲಿಲ್ಲ. 

ಆಗ ಓಲೀಟಾ, ಅರ್ಧ ತಲೆ ನೆಟ್ಟಗೆ, ಅರ್ಧ ತಲೆ ಪೊದೆ, ಕೋಣೆ ಮಧ್ಯ ನಿಂತು ಸೊಂಟ ಕುಣಿಸ್ತಾ ಶುರು ಮಾಡಿದ್ಲು. "ಹಾಸಿಗೆ ಇನ್ನೂ ಬಿಸಿ ಇದೆ..." ಅವಳ ದನಿ ದೇವರಿಗೇ ಪ್ರೀತಿ.

ಹೋಸಿಯ ಅವಳ ಕಡೆ ಬೆರಳು ತೋರಿಸಿ, ಹಾಡಿದ:

"ತಟ್ಟೆ ಇನ್ನೂ ಬಿಸಿ ಇದೆ, ಮುಚ್ಚಿ ಇಟ್ಟೆ, ಮೆಲ್ಲ ಬಾ."

ಒಂದು ಪದ ಬಿಡಲಿಲ್ಲ. ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಓಲೀಟಾ ಕತ್ತಿನ ಬಟ್ಟೆ ಬಿಚ್ಚಿ ಕೊಟ್ಲು, ಮುಖ ಒರೆಸ್ಕೊಳ್ಳೋಕೆ.

"ಅರ್ಲೀನ್, ನಿನ್ನ ಗಂಡನ್ನ ಎಬ್ಬಿಸಿದ್ದು ಹಾಸಿಗೇನೇ ಅಂತ ನಾನು ಎಲ್ಲರಿಗೂ ಹೇಳ್ತೀನಿ."

ಹೇಳಲಿ. ಊರಿಗೆಲ್ಲ ಹೇಳಲಿ.


ಜೂನ್ 18, ಸೋಮವಾರ

ರೆನೆಟ್ ನನ್ನನ್ನ ಕೇಳದೇ ರೇಡಿಯೋದವರಿಗೆ ಫೋನ್ ಮಾಡಿದ್ದಾಳೆ.

ಲಟೀಮರ್ ಅಂದನಂತೆ, "ತಟ್ಟೆ ಸಾರ್ ಮಗಳಾ? ಎರಡು ತಿಂಗಳಿಂದ ಬೈಗುಳವೇ ಇಲ್ಲ. ನನ್ನ ಮೇಲೆ ಬೇಜಾರಾಗಿ ಬೇರೆ ಸ್ಟೇಷನ್ ಹಿಡಿದ್ರೇನೋ ಅಂದ್ಕೊಂಡಿದ್ದೆ." ಇವಳು ವಿಷಯ ಹೇಳಿದ್ಲು. ಅವನು ಪೂರ್ತಿ ಕೇಳಿಸ್ಕೊಂಡ. ಆಮೇಲೆ, "ಎಷ್ಟು ಗಂಟೆಗೆ ಹಾಕಲಿ?"

ದಿನಾ ನಾಲ್ಕಕ್ಕೆ ಆ ಡಿಸ್ಕೋ. ಇವತ್ತು ಹಾಕಿದ. ಇವನು ಕಾದು ಕೂತಿದ್ದ, ಜಗಳಕ್ಕೆ ತೋಳು ಮಡಚಿದವನ ಹಾಗೆ.


ಜುಲೈ 8, ಭಾನುವಾರ

ಮನೆ ನಾಟಕ ಕಂಪನಿ ಆಗಿದೆ. ಮಿಸ್ ಆಂಬ್ಲರ್ ಹೇಳಿಕೊಟ್ಟ ಉಪಾಯ — ರಾಗ ಅದೇ ಇರಲಿ, ಮಾತು ಬೇರೆ ತುಂಬಿಸಿ. ನೀರು ಬೇಕಾದ್ರೆ, "ನೀರು ಇನ್ನೂ ತಣ್ಣಗಿದೆ..." ಕಾಫಿಗೆ, "ಕಾಫಿ ಇನ್ನೂ ಬಂದಿಲ್ಲ..." ಎಡಗೈಯಲ್ಲಿ ತೊಡೆ ತಟ್ಟಿ ತಾಳ.

ಬೆಳಗ್ಗೆ ಚರ್ಚಿಗೆ ಹೊರಟಿದ್ವಿ. ಅವನಿಗೆ ಟೈ ಕಟ್ತಾ ಬೈತಿದ್ದೆ, ಕತ್ತು ಎತ್ತು, ತಡ ಆಗುತ್ತೆ ಅಂತ. ರೆನೆಟ್ ಕಡೆ ತಿರುಗಿ, ನಿಧಾನವಾಗಿ, ಹಾಡಿದ:

"ಅರ್ಲೀನ್ ಇನ್ನೂ ಬಿಸಿ ಇದ್ದಾಳೆ, ಬಾಯಿ ಮುಚ್ಚಿ, ಮೆಲ್ಲ ಬಾ."

ನನ್ನ ಹೆಸರು. ಏಪ್ರಿಲ್‌ನಿಂದ ಕೇಳಿರಲಿಲ್ಲ. ಟೈ ಗಂಟು ಹಾಕೋಕೆ ಆಗದೇ ಹೋಯ್ತು. ಹಾಗೇ ಚರ್ಚಿಗೆ ಹೋದ್ವಿ, ಟೈ ಇಲ್ಲದೇ.


ಆಗಸ್ಟ್ 19, ಭಾನುವಾರ

ರಾಗ ಸವೀತಿದೆ. ಸವೆಯಬೇಕಂತೆ, ಒಳ್ಳೇದಂತೆ. ಈಗ ಅರ್ಧ ಹಾಡು ಅರ್ಧ ಮಾತು, ಪಾದ್ರಿ ಪ್ರಸಂಗದ ಕೊನೆಯಲ್ಲಿ ಎಳೀತಾರಲ್ಲ, ಹಾಗೆ. ಸುಸ್ತಾದ್ರೆ ಮಂಗಳವಾರ ವಾಪಸ್ ಬರುತ್ತೆ. ಬರಲಿ, ಅದೂ ನಮ್ಮನೇದೇ ಈಗ.

ನಿನ್ನೆ ಅವನೇ ಫೋನ್ ಎತ್ತಿದ. ಲಟೀಮರ್‌ಗೆ. ನಾನು ಬಾಗಿಲ ಹತ್ತಿರ ನಿಂತೆ.

"ತಟ್ಟೆ... ಕಣಯ್ಯ."

ಹಾಡಲಿಲ್ಲ. ಅಂದ.

 ಆಮೇಲೆ ಲಟೀಮರ್ ಏನೋ ಹೇಳಿದ. ಹೋಸಿಯ ಫೋನ್ ಇಟ್ಟು ತಲೆ ಅಲ್ಲಾಡಿಸಿದ. "ಅಳ್... ತಾನೆ. ಹುಚ್ಚ."

ಕೈ ಮಾತ್ರ ಬಂದಿಲ್ಲ. ಡಾಕ್ಟರು ಬರುತ್ತೆ ಅಂತಲೂ ಹೇಳಲ್ಲ. ಗಿಟಾರ್ ಪೆಟ್ಟಿಗೆ ಬೀರು ಮೇಲಿದೆ. ಅವನು ಅದರ ಕಡೆ ನೋಡಲ್ಲ. ನಾನೂ ಆ ಮಾತು ಎತ್ತಲ್ಲ.

ಆದ್ರೂ ನಿನ್ನೆ ಸಂಜೆ ಅಂಗಡಿ ಬೀಗ ಹಾಕಿ ನಡ್ಕೊಂಡು ಬರುವಾಗ, ಹೆಗಲು ಕಿವಿಯ ಹತ್ತಿರ ಇಲ್ಲ ಅನ್ನೋದು ಗಮನಕ್ಕೆ ಬಂತು. ಎಷ್ಟು ದಿನದಿಂದ ಹಾಗೆ ಬಿಗಿದು ಎತ್ತಿಕೊಂಡೇ ಓಡಾಡ್ತಿದ್ದೆನೋ.


ಸೆಪ್ಟೆಂಬರ್ 16, ಭಾನುವಾರ, ಮಧ್ಯಾಹ್ನ

ಒಲೆ ಮೇಲೆ ಬೆಣ್ಣೆ ಬೀನ್ಸು. ಮೆಕ್ಕೆಜೋಳದ ರೊಟ್ಟಿ ಓವನ್ನಲ್ಲಿ. ಹೋಸಿಯ ಹೊರಗೆ ಜಗಲಿಯಲ್ಲಿ. ಏನೋ ಗುನುಗ್ತಿದ್ದಾನೆ. ನಾನು ಗಮನ ಕೊಟ್ಟಿರಲಿಲ್ಲ, ಆ ಹಾಡು ಈಗ ನಮ್ಮನೆ ಗಡಿಯಾರದ ಸದ್ದಿನ ಹಾಗೆ.

ರೆನೆಟ್ ಕಿಟಕಿ ಹತ್ತಿರ ನಿಂತಿದ್ಲು. "ಅಮ್ಮ, ಇದು ಯಾವ ಕವರು?"

ಕೇಳಿದೆ. ರಾಗ ನಮ್ಮದೇ, ಆದ್ರೆ ಎಲ್ಲೋ ಕೆಳಗೆ ತಿರುಗುತ್ತೆ. ಮಾತು...

ಯಾವ ಕವರೂ ಅಲ್ಲ. ಇಂಗ್ಲೆಂಡಿನವರದ್ದಲ್ಲ, ಕಿಂಗ್‌ಸ್ಟನ್ನಿನದಲ್ಲ. ನಮ್ಮ ರೆಕಾರ್ಡಿನಲ್ಲೂ ಈ ಸಾಲು ಇಲ್ಲ. ಹಾಡಿನಲ್ಲಿ ಯಾವಾಗಲೂ ಹೆಂಡತಿಯೇ ಮಾತಾಡೋದು. ತಡವಾಗಿ ಬಂದವನು ಇಷ್ಟು ವರ್ಷ ಒಂದು ಮಾತೂ ಆಡಿರಲಿಲ್ಲ.

ಈಗ ಆಡ್ತಿದ್ದಾನೆ. ಹೊಸ ಸಾಲು ಕಟ್ತಿದ್ದಾನೆ. ನಿಲ್ತಾನೆ, ಒಂದು ಪದ ಹುಡುಕ್ತಾನೆ — ಏಪ್ರಿಲ್, ಮೇ ತಿಂಗಳ ಹುಡುಕಾಟ ಅಲ್ಲ ಇದು. ಇದು ನನಗೆ ಗೊತ್ತು. ಸೊಪ್ಪು ಆರೋಕೆ ಬಿಟ್ಟ ಹುಡುಕಾಟ ಇದು. ಪದ ಸಿಕ್ಕಿರುತ್ತೆ, ಅದಕ್ಕಿಂತ ಒಳ್ಳೇದು ಬೇಕು ಅಂತ ಬಿಸಾಕಿ ಇನ್ನೊಂದಕ್ಕೆ ಕೈ ಹಾಕೋದು.

ಬೀನ್ಸು ತಳ ಹಿಡೀತಿದೆ. ಹಿಡೀಲಿ. ಇದನ್ನ ಬರ್ಕೊಂಡುಬಿಡ್ತೀನಿ —

'ತಡವಾಯ್ತು, ದಾರಿ ತಪ್ಪಿತ್ತು, ಎತ್ತಬೇಡ ತಟ್ಟೆ, ನಾ ಬಂದೆ.'