ಬಲಕ್ಕೆ ಸುತ್ತಿದ ಹೂವು

ಮಂಗಳವಾರ, ಮಾರ್ಚ್ ೧೪

ಆ ಲೇಸು ಇನ್ನೂ ಕಣ್ಣ ಮುಂದಿನಿಂದ ಹೋಗುತ್ತಿಲ್ಲ. ದೊಡ್ಡಮ್ಮನ ಮಗಳು ಅದನ್ನು ಮ್ಯೂಸಿಯಂಗೇ ತಂದಿದ್ದಳು, ಹಳೆ ಬಟ್ಟೆ ಪರೀಕ್ಷಿಸುವ ನನ್ನ ಮೇಜಿಗೆ.

"ಮೆಷಿನ್ನಿಂದಲ್ಲ, ಕೈಯಲ್ಲೇ ಮಾಡಿದ್ದು ಅಂತ ಬರ್ಕೊಡೇ, ಸಾಕು. ನಮ್ಮಮ್ಮನ ಹೆಸರು ಹಾಕಿ ಗಾಜಿನೊಳಗೆ ಇಡ್ತಾರಂತೆ."

ಕೈಯದೇ, ಕ್ರೋಶಾ ಕಡ್ಡಿಯ ಕೆಲಸ. ಆದರೆ ಬಲಗೈಯವರು ಹೆಣೆದ ಹೂವು ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತುತ್ತದೆ. ಇದರ ಪ್ರತಿ ಹೂವೂ ಮುಳ್ಳಿನ ಜೊತೆಗೇ ಬಲಕ್ಕೆ ಸುತ್ತಿದೆ. ಒಳಮೈ, ಹೊರಮೈ ಎರಡನ್ನೂ ನೋಡಿ ಖಾತ್ರಿ ಮಾಡಿಕೊಂಡೆ. ನಮ್ಮ ಮನೆಯಲ್ಲಿ ಎಡಚಿ ಒಬ್ಬಳೇ, ನನ್ನಮ್ಮ. "ನಿನ್ನ ಕೈಗೆ ಏನೂ ಹತ್ತಲ್ಲ" ಎಂದು ಬೈಸಿಕೊಂಡೇ ಬೆಳೆದವಳು. ಹೊಗಳಿಕೆಯೆಲ್ಲ ದೊಡ್ಡಮ್ಮನಿಗೆ. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಸೇರಿಕೊಂಡ ಹಾಗೆ.

ಹೇಳಿಬಿಟ್ಟೆ. ದೊಡ್ಡಮ್ಮನ ಮಗಳು ಲೇಸನ್ನು ಮಡಚಿ ಚೀಲಕ್ಕೆ ತುರುಕಿದಳು. "ಸತ್ತವಳ ಮೇಲೂ ಹೊಟ್ಟೆಕಿಚ್ಚಾ ನಿಂಗೆ? ಹೋಗಿ ನಿಮ್ಮಮ್ಮನ್ನೇ ಕೇಳು."

ಸಂಜೆ ಬಂದು ಕೇಳಿದೆ. ಅಮ್ಮ ಹಾಸಿಗೆಯಲ್ಲಿ ಕೂತು ಊಟ ಮಾಡುತ್ತಿದ್ದಳು, ಎಂದಿನಂತೆ ಬಲಗೈಯಲ್ಲಿ ಚಮಚ ಹಿಡಿದು, ಅರ್ಧ ಚೆಲ್ಲಿಕೊಂಡು.

"ನಮ್ಮಕ್ಕಾನೇ ಹೆಣೆದಿದ್ದು. ನಂಗೆಲ್ಲಿ ಬರತ್ತೆ ಅದೆಲ್ಲ?"

ನನಗೆ ಸಿಟ್ಟು ಬಂದದ್ದು ಸತ್ತವಳ ಮೇಲಲ್ಲ, ಇವಳ ಮೇಲೆ. ಫೋನಿನಲ್ಲಿ ತೆಗೆದಿದ್ದ ಲೇಸಿನ ಫೋಟೋವನ್ನು ಮುಖದ ಮುಂದೆ ಹಿಡಿದು, "ಇದು ಯಾರ ಕೈ, ಹೇಳಮ್ಮ" ಎಂದು ಕೂಗಿದೆ. ಅವಳು ಫೋಟೋ ನೋಡಲೇ ಇಲ್ಲ. ಎಡಗೈಯನ್ನು ಮೆಲ್ಲಗೆ ಹೊದಿಕೆಯೊಳಗೆ ಎಳೆದುಕೊಂಡಳು, ಏಟು ಬೀಳುವ ಮೊದಲು ಮಕ್ಕಳು ಎಳೆದುಕೊಳ್ಳುತ್ತಾರಲ್ಲ, ಹಾಗೆ.