ಒಂಬತ್ತು ದಿನ ತೆರೆದ ಬಾಗಿಲು

ಸೆಪ್ಟೆಂಬರ್ 14, ಬೆಳಿಗ್ಗೆ

ಇವತ್ತೂ ದಣಿಯ ದ್ರಾಕ್ಷಿ ತೋಟದಲ್ಲಿ ಬಿಟ್ಟಿ ಕೆಲಸ. ನಿನ್ನೆ ಬಿಳಿ ನಿಲುವಂಗಿಯ ಸನ್ಯಾಸಿಗಳ ಹೊಸ ಇಗರ್ಜಿಯ ಪ್ರತಿಷ್ಠೆ ಆಯಿತು. ಅವರ ಕಟ್ಟಳೆಯಂತೆ ಹೆಂಗಸು ಒಳಗೆ ಕಾಲಿಡುವಂತಿಲ್ಲ. ಪ್ರತಿಷ್ಠೆಯ ಒಂಬತ್ತು ದಿನ ಮಾತ್ರ ಬಿಡುತ್ತಾರೆ. 21ಕ್ಕೆ ಕೊನೆ.

ನಮ್ಮೂರ ಹಳೆಯ ಇಗರ್ಜಿ ಕೆಡವಿ ಅಲ್ಲೇ ಕಟ್ಟಿದ್ದು. ಅಂಗಳದ ಸಮಾಧಿಗಳೂ ಒಳಗೆ ಸೇರಿಹೋದವು. ನನ್ನ ಮಗಳು ಎಮ್ಲಿನ್ ಅಲ್ಲಿದ್ದಾಳೆ. ಆರು ವರ್ಷದವಳು. ಒಂದು ಸಲ ಅವಳ ಮೇಲಿನ ಕಲ್ಲಿಗೆ ಹಣೆ ಮುಟ್ಟಿಸಬೇಕು.

ಗಂಡ ಟಿಬೋ ಅಲ್ಲಿ ಕಲ್ಲುಕುಟಿಗ. ಸನ್ಯಾಸಿಗಳ ಕಟ್ಟಳೆ, ಕಲ್ಲಿನ ಮೇಲೆ ಹೆಸರು, ಚಿತ್ರ, ಹೂಬಳ್ಳಿ ಏನೂ ಕೆತ್ತುವಂತಿಲ್ಲ. ಜಾಗ ಮಾತ್ರ ಹೇಳಿದ್ದಾನೆ — ಎಡಕ್ಕೆ, ಎರಡನೆಯ ಕಂಬದ ಪಕ್ಕ.

ಸೆಪ್ಟೆಂಬರ್ 16

ತೋಟದ ಮೇಲ್ವಿಚಾರಕ ಫುಲ್ಕ್‌ನನ್ನು ಅರ್ಧ ದಿನ ರಜೆ ಕೇಳಿದೆ.

"ದೇವರು ಎಲ್ಲಿಗೂ ಓಡಿಹೋಗಲ್ಲ ಕಣಮ್ಮ. ದ್ರಾಕ್ಷಿ ಕೊಳೀತದೆ."

"ಬಾಗಿಲು ಮುಚ್ತದೆ ಸ್ವಾಮಿ."

"ನೋಡೋಕೆ ಏನಿದೆ ಅಲ್ಲಿ? ಒಂದು ಬಣ್ಣದ ಗಾಜೂ ಇಲ್ವಂತೆ. ನನ್ನ ದನದ ಕೊಟ್ಟಿಗೆ ವಾಸಿ."

ಎಲ್ಲರೂ ನಕ್ಕರು. ನಾನು ಬೆರಳು ಕುಯ್ದುಕೊಂಡೆ.

ಸೆಪ್ಟೆಂಬರ್ 20, ಸಂಜೆ

ಮಧ್ಯಾಹ್ನದಿಂದ ಮಳೆ. ನಾಳೆ ಕೊಯ್ಲಿಲ್ಲ ಅಂದ ಫುಲ್ಕ್. ಓಡಿಬಂದು ತಲೆವಸ್ತ್ರ ಒಗೆದೆ. ಟಿಬೋ ಬಟಾಣಿ ಗಂಜಿ ಮುಟ್ಟಲಿಲ್ಲ.

"ಹೋಗಬೇಡ ಕಣೇ."

"ಯಾಕೆ?"

"ಎರಡನೇ ಕಂಬ ಅಂದದ್ದು ಸುಳ್ಳು. ಮಣ್ಣು ತುಂಬಿ ನೆಲ ಎತ್ತರಿಸಿದರಲ್ಲ, ಗುರುತೆಲ್ಲ ಹೋಯ್ತು. ನೀನು ಅಳ್ತಿದ್ದೆ. ಏನಾದ್ರೂ ಹೇಳಬೇಕಿತ್ತು."

ಗಂಜಿ ಬಟ್ಟಲು ಎತ್ತಿಟ್ಟೆ. ಜಪ ಮಾಡಲು ಕೂತೆ. ಆಗಲಿಲ್ಲ…

ಸೆಪ್ಟೆಂಬರ್ 21, ಸಂಜೆ

ಹೋದೆ. ಗೋಡೆ ಬರಿದು. ಬೆಳಕು ಬಿಳಿ. ನೆಲದ ಕಲ್ಲೆಲ್ಲ ಒಂದೇ ಅಳತೆ, ಒಂದೇ ಬಣ್ಣ. ಎಲ್ಲಿ ಅಂತ ಮಂಡಿಯೂರುವುದು? ಬಾಗಿಲಿನಿಂದಲೇ ಶುರು ಮಾಡಿದೆ. ಒಂದೊಂದು ಕಲ್ಲಿಗೂ ಹಣೆ. ಎಂಟು ಸಾಲು ಮುಗಿದಾಗ ಬೀಗದ ಕೈ ಹಿಡಿದ ಸನ್ಯಾಸಿ ಬಂದ.

"ಹೊತ್ತಾಯ್ತು ತಾಯಿ."

"ಇನ್ನೂ ಸಾಲು ಉಳಿದಿವೆ ಸ್ವಾಮಿ."

ನೆಲ ನೋಡುತ್ತ ನಿಂತ. "ಕಟ್ಟಳೆ ತಾಯಿ," ಅಂದ.

ಮನೆಯಲ್ಲಿ ಟಿಬೋಗೆ ನಿನ್ನೆಯಿಂದ ನಾನಾಡಿದ ಮೊದಲ ಮಾತು ಇದೇ: "ನೀನು ನಾಳೆನೂ ಒಳಗೆ ಕೆಲಸಕ್ಕೆ ಹೋಗ್ತೀಯ. ಒಂಬತ್ತನೇ ಸಾಲಿಂದ ನಿಂದು."

ಸೆಪ್ಟೆಂಬರ್ 22, ಸಂಜೆ

ತಡವಾಗಿ ಬಂದ. ಹಣೆಯೆಲ್ಲ ಸುಣ್ಣದ ಧೂಳು. ರೊಟ್ಟಿ ಮುರಿದು ಕೈಯಲ್ಲೇ ಹಿಡಿದು ಕೂತ.

"ಹನ್ನೊಂದನೇ ಸಾಲಿನ ತನಕ ಆಯ್ತು. ಮಂಡಿ ಹಿಡ್ಕೊಂಡಿದೆ."

"ನಾಳೆ ಹನ್ನೆರಡು," ಅಂದೆ. ಅವನ ಹಣೆ ಒರೆಸಲು ಬಟ್ಟೆ ಒದ್ದೆ ಮಾಡಿಕೊಂಡು ಬಂದವಳು ಒರೆಸದೆ, ಆ ಧೂಳಿಗೇ ನನ್ನ ಹಣೆ ಮುಟ್ಟಿಸಿದೆ.