ಗುರುಗಳು ಕೈಯೊಡ್ಡಿದ ದಿನ

ಭಾದ್ರಪದ ಬಹುಳ ತದಿಗೆ

ಬೆಳಗಿನ ಪೂಜೆ ಮುಗಿಯಿತು. ನಿರ್ಮಲಶಂಭು ಗುರುಗಳು ಮಠದಿಂದ ವಿಭೂತಿ ಕಳಿಸಿದ್ದರು. ಕಾಟಯ ಅದನ್ನು ಹಚ್ಚಿಕೊಂಡೇ ಓಲಗಕ್ಕೆ ಹೋದ. ನನ್ನ ಹಿರಿಮಗ, ಈ ನಾಡಿನ ಅರಸ. ಮೊದಲೆಲ್ಲ ಸಿಟ್ಟು ಬಂದರೆ ಜನರ ಕಣ್ಣು ಕೀಳಿಸುತ್ತಿದ್ದ. ತಾಳಲಾರದೆ ಗುರುಗಳನ್ನು ಬೇಡಿ ಕರೆತಂದವಳು ನಾನೇ. ಈಗ ಬಡವರ ದೂರನ್ನೂ ಕೂತು ಕೇಳುತ್ತಾನೆ. ದಾರಿಯಲ್ಲಿ ಹೆಂಗಸರು ನನಗೆ ಕೈ ಮುಗಿಯುತ್ತಾರೆ.

ಕಿರಿಯವ ಪಿನ್ನಯ ಇನ್ನೂ ಎದ್ದಿಲ್ಲ. ಮತ್ತೆ ಕುಡಿತ. ಅವನಿಗೂ ಒಂದು ದಿನ ಗುರುಗಳ ಮಾತು ನಾಟೀತು...

ಷಷ್ಠಿ

ಪಿನ್ನಯ ಕೃಷ್ಣೆಯ ಕಡವಿನಲ್ಲಿ ಅಂಬಿಗನೊಬ್ಬನನ್ನು ಕೊಂದ. ಹೊಳೆ ತುಂಬಿದೆ, ದೋಣಿಗೆ ಕುದುರೆ ಹತ್ತಿಸಲ್ಲ ಅಂದನಂತೆ. ಅಷ್ಟಕ್ಕೇ ಕತ್ತಿ. ಸತ್ತವನ ಹೆಸರು ಪೋಲಯ. ಗಂಡನಿಲ್ಲದ ತಾಯಿಗೆ ಒಬ್ಬನೇ ಮಗ.

ತಮ್ಮನನ್ನು ಕಾಟಯನೇ ಸೆರೆಗೆ ಹಾಕಿಸಿದ. ಬರೆಯಲಾಗುತ್ತಿಲ್ಲ.

ಅಷ್ಟಮಿ

ತೀರ್ಪಾಯಿತು. ತಲೆದಂಡ. ದ್ವಾದಶಿಯ ದಿನ.

ಕಾಟಯನ ಕಾಲು ಹಿಡಿಯಹೋದೆ, ಹಿಂದೆ ಸರಿದ. ಕಣ್ಣು ಕೆಂಪಾಗಿತ್ತು. "ಗದ್ದುಗೇಲಿ ಕೂತವನಿಗೆ ತಮ್ಮ ಇರಲ್ಲಮ್ಮ. ಗುರುಗಳು ಕಲಿಸಿದ್ದು ಅದೇ ತಾನೆ?"

ಸಂಜೆ ಮಠಕ್ಕೆ ಹೋದೆ. ನಿಮ್ಮದೊಂದು ಮಾತು ಸಾಕು ಅಂದೆ. ಅಂಬಿಗನ ತಾಯಿ ಮನಸಾರೆ ಕ್ಷಮಿಸಿದರೆ ತಾವೇ ಅರಸನ ಬಳಿ ಬರುವುದಾಗಿ ಗುರುಗಳು ಹೇಳಿದರು.

ದಶಮಿ

ಕಡವಿಗೆ ನಡೆದೇ ಹೋದೆ. ಪೋಲಯನ ತಾಯಿ ಮಾರಮ ಗುಡಿಸಲ ಹೊರಗೆ ಕೂತಿದ್ದಳು. ಏಳಲಿಲ್ಲ. ಪಾದಕ್ಕೆ ಬಿದ್ದೆ. ಎಳೆದುಕೊಳ್ಳಲೂ ಇಲ್ಲ.

"ದೊರೆಸಾನಿ, ನಿಮ್ ಮಗ ಸತ್ರೆ ನನ್ನೋನು ಎದ್ದು ಬರ್ತಾನಾ?"

ಇಲ್ಲ ಅಂದೆ.

"ಮತ್ತೆ ನಿಮಗ್ಯಾಕೆ ಈ ಉರಿ? ನಂಗೊಬ್ಳಿಗೇ ಸಾಕು. ಬಿಟ್ಬಿಡಿ ಅಂತ ಹೇಳಿ. ಆದ್ರೆ ಅವನ ಮುಖ ಈ ಹೊಳೆ ಕಡೆ ಕಾಣಬಾರ್ದು."

ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದಳು. ದಾರಿಯುದ್ದಕ್ಕೂ ಅತ್ತೆ. ಮಗ ಉಳಿದ ಎಂದು. ನಾಚಿಕೆಯೂ ಆಯಿತು.

ಏಕಾದಶಿ

ಗುರುಗಳು ಓಲಗಕ್ಕೆ ಬಂದರು. ನಾನು ಕಂಬದ ಮರೆಯಲ್ಲಿದ್ದೆ. ಇಷ್ಟು ವರ್ಷ ಏನನ್ನೂ ಬೇಡದವರು ಶಿಷ್ಯನ ಮುಂದೆ ಕೈಯೊಡ್ಡಿದರು. "ಜೀವ ಒಂದು ಬಿಡಪ್ಪ. ಗಡಿ ದಾಟಿಸು, ಸಾಕು."

ಕಾಟಯ ಇಳಿದು ಬಂದು ಅವರ ಪಾದಕ್ಕೆ ಹಣೆ ಹಚ್ಚಿದ. ನನಗೆ ಹೋದ ಉಸಿರು ಬಂತು.

"ಹೋದ ವರ್ಷ ಗಾಣಿಗರ ಹುಡುಗನಿಗೆ ಇದೇ ತಪ್ಪಿಗೆ ಇದೇ ಶಿಕ್ಷೆ ಕೊಟ್ಟೆ ಸ್ವಾಮಿ. ಅವನ ತಾಯಿನೂ ನಿಮ್ಮ ಹತ್ರ ಬಂದಿದ್ಲು. ಸತ್ತವರ ಮನೇಲಿ ಕೇಳ್ಕೊಂಡು ಬಾ ಅಂತ ಅವಳಿಗೆ ಯಾಕೆ ಹೇಳ್ಲಿಲ್ಲ?"

ಗುರುಗಳು ಒಡ್ಡಿದ ಕೈ ಹಾಗೇ ಇತ್ತು. ಕಾಟಯ ಆ ಕೈಯನ್ನು ಕಣ್ಣಿಗೊತ್ತಿಕೊಂಡು ಅತ್ತ. ತೀರ್ಪು ಬದಲಿಸಲಿಲ್ಲ.

ದ್ವಾದಶಿ, ಬೆಳಿಗ್ಗೆ

ಸೆರೆಮನೆಯಲ್ಲಿ ಪಿನ್ನಯನಿಗೆ ಉಣಿಸಿ ಬಂದೆ. ಸಂಕಟಿ ಮುದ್ದೆ, ಪುಂಡಿ ಸೊಪ್ಪಿನ ಪಚ್ಚಡಿ. ಕೂಸಿನಂತೆ ಬಾಯಿ ತೆರೆದ. "ಖಾರ ಜಾಸ್ತಿ ಆಯ್ತಮ್ಮ" ಅಂದ, ಕಣ್ಣೊರೆಸಿಕೊಂಡು. ಸೆರಗಿನಿಂದ ಅವನ ಬಾಯೊರೆಸಿ ನಾನು—

ಅಮಾವಾಸ್ಯೆ

ಮನೆಮನೆಯಲ್ಲೂ ಹಿರಿಯರಿಗೆ ಎಡೆ. ನಾನು ಹೆತ್ತ ಮಗನಿಗೆ ಎಡೆ ಇಟ್ಟೆ.

ಗುರುಗಳು ಊರು ಬಿಟ್ಟರಂತೆ. ಹೋಗುವ ಮೊದಲು ಗಾಣಿಗರ ಕೇರಿಯಲ್ಲಿ, ಆ ಹುಡುಗನ ತಾಯಿಯ ಬಾಗಿಲಲ್ಲಿ ನಿಂತಿದ್ದರಂತೆ. ಅವಳು ತೆರೆಯಲಿಲ್ಲ.

ಕಾಟಯ ಅಂದಿನಿಂದ ಅನ್ನ ಮುಟ್ಟಿಲ್ಲ. ಈಗ ನನ್ನ ಬಾಗಿಲಾಚೆ ನಿಂತಿದ್ದಾನೆ. "ಅಮ್ಮ, ಹಸಿವಾಗ್ತಿದೆ" ಅಂದ.

ಕೊಂದು ಬಂದವನಿಗೆ ಕೈತುತ್ತು ಕೊಟ್ಟೆ. ಇವನದೇನು ತಪ್ಪು? ಏಳಬೇಕು. ಅಗುಳಿ ತೆಗೆದು...